ಆನೆಯ ನಡಿಗೆಯ ಕಾರು: 1964ರ ಲಿಂಕನ್ ಕಾಂಟಿನೆಂಟಲ್ ಕೊಳ್ಳಬಹುದೇ?

ಪ್ರಶ್ನೆ: ನಮಸ್ಕಾರ ಸರ್. ನಾವು ಹನ್ನೊಂದು ವರ್ಷಗಳಿಂದ ಅಮೆರಿಕದ ಮಿಶಿಗನ್ ರಾಜ್ಯದ ನೋವೈ ಊರಿನಲ್ಲಿದ್ದೇವೆ. ಪಕ್ಕದ ಮನೆಯಲ್ಲಿ ಎಂಬತ್ತು ದಾಟಿದ ಹಿರಿಯರೊಬ್ಬರಿದ್ದಾರೆ. ಅವರ ತಂದೆ ಹೊಸದಾಗಿ ಕೊಂಡಿದ್ದ 1964ರ ಲಿಂಕನ್ ಕಾಂಟಿನೆಂಟಲ್, ಕಡುನೀಲಿ ಬಣ್ಣದ ಸೆಡಾನ್, ಇನ್ನೂ ಅವರ ಗ್ಯಾರೇಜಿನಲ್ಲಿದೆ. ಹಿಂದೊಮ್ಮೆ ಅವರು ನನ್ನನ್ನೂ ನನ್ನ ಅತ್ತೆಯವರನ್ನೂ ಅದರಲ್ಲಿ ಕೂರಿಸಿಕೊಂಡು ಸುತ್ತಾಡಿಸಿದ್ದರು. ಆ ಸಂಜೆಯನ್ನು ಮರೆಯಲಾಗಿಲ್ಲ. ಈಗ ಆರು ವರ್ಷಗಳಿಂದ ಕಾರು ನಿಂತಲ್ಲೇ ನಿಂತಿದೆ. ‘ನಿಮಗಾದರೆ ಕೊಡುತ್ತೇನೆ’ ಎಂದಿದ್ದಾರೆ. ಕೇಳಿದ ಬೆಲೆ ಸಾಧಾರಣ ಹೊಸ ಕಾರಿನ ಬೆಲೆಗಿಂತ ಕಡಿಮೆ. ನನ್ನ ಪತಿ ಮಾತ್ರ ‘ಮನೆ ಮುಂದೆ ಆನೆ ಕಟ್ಟಿದಂತೆ’ ಎನ್ನುತ್ತಾರೆ. ಅದರ 320 ಅಶ್ವಶಕ್ತಿ ಬರೀ ಜಾಹೀರಾತಿನ ಲೆಕ್ಕ, ಹಿಮ್ಮುಖವಾಗಿ ತೆರೆಯುವ ಹಿಂದಿನ ಬಾಗಿಲುಗಳು ಅಪಾಯ, ಸೀಸವಿಲ್ಲದ ಈಗಿನ ಪೆಟ್ರೋಲಿಗೆ ಎಂಜಿನ್ ಹಾಳಾಗುತ್ತದೆ, ಕೊಂಡರೂ ಹೊಸ ಎಂಜಿನ್ ಕೂರಿಸಬೇಕು ಎಂಬುದು ಅವರ ವಾದ. ನಮಗೆ ಇಬ್ಬರು ಚಿಕ್ಕ ಮಕ್ಕಳು. ಆ ಕಾರಿನ ಘನತೆ ನಿಜವಾದದ್ದೇ, ಅಥವಾ ಹಳೆಯದೆಂಬ ಮೋಹವೇ? ಕೊಳ್ಳಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಹೆಣೆದುಕೊಂಡಿವೆ. ಈ ಕಾರು ನಿಜಕ್ಕೂ ದೊಡ್ಡದೇ ಎಂಬುದು ಒಂದು, ಅದನ್ನು ಸಾಕುವುದು ನಿಮ್ಮ ಮನೆಗೆ ಆದೀತೇ ಎಂಬುದು ಇನ್ನೊಂದು. ಮೂವತ್ತು ವರ್ಷಗಳಿಂದ ಹಳೆಯ ಅಮೆರಿಕನ್ ಕಾರುಗಳನ್ನು ಬಿಚ್ಚಿ ಕಟ್ಟುತ್ತಾ ಬಂದವನು ನಾನು. ನನ್ನ ಕೈಯಲ್ಲಿ ಹೆಚ್ಚು ದಿನ ಉಳಿದವು ಈ ಕಾಂಟಿನೆಂಟಲ್‌ಗಳೇ. ಮೊದಲನೆಯ ಪ್ರಶ್ನೆಗೆ ನನ್ನ ಉತ್ತರ ‘ಹೌದು’. ಎರಡನೆಯದಕ್ಕೆ ಉತ್ತರ ಇರುವುದು ಕಾರಿನ ಹೊಟ್ಟೆಯಡಿಯಲ್ಲಿ. ಅಲ್ಲಿಗೆ ಆಮೇಲೆ ಬರೋಣ.

ಈ ಕಾರು ತಯಾರಾದ ವಿಕ್ಸಮ್ ಕಾರ್ಖಾನೆ ನಿಮ್ಮ ಮನೆಯಿಂದ ಕೂಗಳತೆಯಲ್ಲೇ ಇತ್ತು. 1957ರಲ್ಲಿ ಶುರುವಾಗಿ 2007ರಲ್ಲಿ ಬಾಗಿಲು ಹಾಕಿತು. ಅಲ್ಲಿ ಮೊದಲು ತಯಾರಾದ 1958ರಿಂದ 60ರವರೆಗಿನ ಲಿಂಕನ್‌ಗಳು ಗಾತ್ರದಲ್ಲಿ ರಾಕ್ಷಸ, ರೂಪದಲ್ಲಿ ಗಲಿಬಿಲಿ. ಎಲ್ಲೆಂದರಲ್ಲಿ ಕ್ರೋಮ್, ಓರೆಯಾಗಿ ಜೋಡಿಸಿದ ದೀಪಗಳು. ಅವು ಮಾರಾಟವಾಗಲಿಲ್ಲ. ಲಿಂಕನ್ ಹೆಸರನ್ನೇ ಕೈಬಿಡುವ ಮಾತು ಫೋರ್ಡ್ ಕಂಪನಿಯೊಳಗೆ ನಡೆದಿತ್ತು. ಅದೇ ಹೊತ್ತಿಗೆ ಎಲ್ವುಡ್ ಎಂಗೆಲ್ ಎಂಬ ವಿನ್ಯಾಸಕಾರ ಥಂಡರ್‌ಬರ್ಡ್ ಕಾರಿಗೆಂದು ಒಂದು ಜೇಡಿಮಣ್ಣಿನ ಮಾದರಿ ಮಾಡಿದ್ದರು. ಫೋರ್ಡ್‌ನ ಆಡಳಿತ ನೋಡುತ್ತಿದ್ದ ರಾಬರ್ಟ್ ಮ್ಯಾಕ್‌ನಮಾರ ಅದನ್ನು ಕಂಡು, ಇದನ್ನೇ ನಾಲ್ಕು ಬಾಗಿಲಿನ ಲಿಂಕನ್ ಮಾಡಲು ಸಾಧ್ಯವೇ ಎಂದು ಕೇಳಿದರು. ಮುಂದೆ ಅಮೆರಿಕದ ರಕ್ಷಣಾ ಸಚಿವರೂ ವಿಶ್ವಬ್ಯಾಂಕಿನ ಅಧ್ಯಕ್ಷರೂ ಆದ ಮ್ಯಾಕ್‌ನಮಾರ ಇವರೇ. ಹಾಗೆ ಬಂದದ್ದು 1961ರ ಕಾಂಟಿನೆಂಟಲ್.

ಹಿಂದಿನ ವರ್ಷದ ಲಿಂಕನ್‌ಗಿಂತ ಅದು ಉದ್ದದಲ್ಲಿ ಒಂದು ಅಡಿಗೂ ಹೆಚ್ಚು ಗಿಡ್ಡ. ಅಮೆರಿಕದ ಐಷಾರಾಮಿ ಕಾರುಗಳೆಲ್ಲ ವರ್ಷ ವರ್ಷ ಉದ್ದವಾಗುತ್ತಿದ್ದ ಕಾಲದಲ್ಲಿ ಅತಿ ದುಬಾರಿ ಕಾರೊಂದು ಕುಗ್ಗಿ ಬಂತು. ಆ ಕಾಲದ ಕಾರುಗಳ ಬಾಲದಲ್ಲಿರುತ್ತಿದ್ದ ರೆಕ್ಕೆಗಳಿಲ್ಲ, ಮೈಮೇಲೆ ಅಲಂಕಾರವಿಲ್ಲ. ಪಕ್ಕದಿಂದ ನೋಡಿದರೆ ಮುಂದಿನ ದೀಪದಿಂದ ಹಿಂದಿನ ದೀಪದವರೆಗೆ ಭುಜದ ಮೇಲೆ ಹರಿಯುವ ಒಂದೇ ಒಂದು ಬೆಳ್ಳನೆಯ ಅಂಚು. ಪಕ್ಕದವರ ಕಾರಿನ ಹತ್ತಿರ ಬೆಳಗಿನ ಬಿಸಿಲಿನಲ್ಲಿ ಮೊಣಕಾಲೂರಿ ಕುಳಿತು ಆ ಅಂಚನ್ನು ಕಣ್ಣಿನ ಮಟ್ಟದಲ್ಲಿ ನೋಡಿ. ಮಗ್ಗದಿಂದ ಆಗಷ್ಟೇ ಇಳಿದ ರೇಷ್ಮೆ ಸೀರೆಯ ಸಣ್ಣ ಅಂಚಿನ ಹಾಗೆ ಎಲ್ಲೂ ಅಲುಗದೆ ಸಾಗುತ್ತದೆ. ಒಡಲು ಖಾಲಿಯಿರುವುದರಿಂದಲೇ ಅಂಚಿಗೆ ಆ ಬೆಲೆ.

ಘನತೆಯ ಇನ್ನೊಂದು ಮುಖ ಕಣ್ಣಿಗೆ ಕಾಣುವಂಥದ್ದಲ್ಲ. ಈ ಕಾರಿನ ಪ್ರತಿ ಎಂಜಿನ್ನನ್ನೂ ಕಾರಿಗೆ ಕೂರಿಸುವ ಮೊದಲು ನಿಮಿಷಕ್ಕೆ 3,500 ಸುತ್ತಿನಲ್ಲಿ ಮೂರು ಗಂಟೆ ಓಡಿಸಿ, ಬಿಚ್ಚಿ ಪರೀಕ್ಷಿಸಿ, ಮತ್ತೆ ಜೋಡಿಸುತ್ತಿದ್ದರು. ತಯಾರಾದ ಪ್ರತಿ ಕಾರನ್ನೂ 12 ಮೈಲಿ ರಸ್ತೆಯಲ್ಲಿ ಓಡಿಸಿ ನೋಡಿದ ಮೇಲೆಯೇ ಹೊರಗೆ ಕಳುಹಿಸುತ್ತಿದ್ದರು. ಎರಡು ವರ್ಷ ಅಥವಾ 24,000 ಮೈಲಿಯ ವಾರಂಟಿ ಕೊಟ್ಟರು. ಆ ಕಾಲಕ್ಕೆ ಅದು ಅಪರೂಪದ ಧೈರ್ಯ. ಇವತ್ತು ಅರವತ್ತು ವರ್ಷದ ಎಂಜಿನ್ನೊಂದನ್ನು ಬಿಚ್ಚಿದಾಗ ಬೇರಿಂಗುಗಳು ಸಮನಾಗಿ ಸವೆದಿರುವುದನ್ನು ಕಂಡರೆ, ಆ ಮೂರು ಗಂಟೆ ಎಲ್ಲಿ ಹೋಯಿತೆಂದು ನನಗೆ ಗೊತ್ತಾಗುತ್ತದೆ.

ಅಧ್ಯಕ್ಷ ಕೆನಡಿಯವರ ಕಾರಿನ ನೆನಪು ಈ ಹೆಸರಿಗೆ ಬೇಡವೆಂದರೂ ಅಂಟಿಕೊಂಡಿದೆ. 1961ರ ಕಾಂಟಿನೆಂಟಲ್‌ ಒಂದನ್ನು ಸಿನ್ಸಿನಾಟಿಯ ಹೆಸ್ ಅಂಡ್ ಐಸೆನ್‌ಹಾರ್ಟ್ ಸಂಸ್ಥೆ ಉದ್ದಗೊಳಿಸಿ ಸಿದ್ಧಪಡಿಸಿತ್ತು. 1963ರಲ್ಲಿ ಡಲ್ಲಾಸ್‌ನಲ್ಲಿ ಅದೇ ಕಾರಿನಲ್ಲಿ ಕೂತಿದ್ದಾಗ ಕೆನಡಿಯವರ ಹತ್ಯೆಯಾದದ್ದು ಎಲ್ಲರಿಗೂ ಗೊತ್ತು. ಅನೇಕರಿಗೆ ಗೊತ್ತಿಲ್ಲದ ಸಂಗತಿಯೆಂದರೆ, ಆ ಕಾರನ್ನು ಮೂಲೆಗೆ ತಳ್ಳಲಿಲ್ಲ. ರಕ್ಷಾಕವಚ, ಗಟ್ಟಿ ಛಾವಣಿ ಹಾಕಿ 1977ರವರೆಗೆ ಬಳಸಿದರು. ಅದು ಈಗ ಡಿಯರ್‌ಬಾರ್ನ್‌ನ ಹೆನ್ರಿ ಫೋರ್ಡ್ ಮ್ಯೂಸಿಯಂನಲ್ಲಿದೆ. ನಿಮಗೆ ಅದೇನೂ ದೂರವಲ್ಲ. ಕೊಳ್ಳುವ ಮೊದಲು ಮನೆಯವರೆಲ್ಲ ಒಮ್ಮೆ ಹೋಗಿ ನೋಡಿ ಬನ್ನಿ.

ಇನ್ನು ಅಶ್ವಶಕ್ತಿ. ಇದರಲ್ಲಿ ನಿಮ್ಮ ಪತಿಯವರ ಅನುಮಾನಕ್ಕೆ ಆಧಾರವಿದೆ. 1971ರವರೆಗೆ ಅಮೆರಿಕದಲ್ಲಿ ಎಂಜಿನ್ನನ್ನು ಕಾರಿನಿಂದ ಹೊರಗಿಟ್ಟು, ಫ್ಯಾನು, ಆಲ್ಟರ್ನೇಟರ್, ಸೈಲೆನ್ಸರ್ ಯಾವುದರ ಭಾರವೂ ಇಲ್ಲದೆ ಅಳೆದ ಅಂಕಿಯನ್ನು ಪ್ರಕಟಿಸುತ್ತಿದ್ದರು. 1972ರಿಂದ ಅವೆಲ್ಲವನ್ನೂ ಜೋಡಿಸಿ ಅಳೆಯುವ ಪದ್ಧತಿ ಬಂತು. ಪರಿಣಾಮ ಏನಾಯಿತೆಂದರೆ, 1971ರಲ್ಲಿ 365 ಎಂದು ಬರೆದುಕೊಂಡಿದ್ದ ಕ್ಯಾಡಿಲಾಕ್ ಎಲ್ಡೊರಾಡೊ ಮರುವರ್ಷ 235ಕ್ಕೆ ಇಳಿಯಿತು. ಎಂಜಿನ್ ಬದಲಾಗಿರಲಿಲ್ಲ, ತಕ್ಕಡಿ ಬದಲಾಗಿತ್ತು. ಹಾಗಾಗಿ ನಿಮ್ಮ ಲಿಂಕನ್ನಿನ 320ನ್ನು ಇವತ್ತಿನ ಕಾರಿನ 320ರ ಪಕ್ಕದಲ್ಲಿ ಇಡಬೇಡಿ. ನಿಂತಲ್ಲಿಂದ ಗಂಟೆಗೆ 60 ಮೈಲಿ ಮುಟ್ಟಲು ಅದಕ್ಕೆ ಹನ್ನೊಂದು ಸೆಕೆಂಡಿನ ಆಸುಪಾಸು ಬೇಕು. ನಿಮ್ಮ ಮಕ್ಕಳನ್ನು ಶಾಲೆಗೆ ಬಿಡುವ ವ್ಯಾನು ಅದನ್ನು ಸಲೀಸಾಗಿ ಹಿಂದಿಕ್ಕುತ್ತದೆ.

ಆದರೆ ಆನೆಯ ನಡಿಗೆಯನ್ನು ಕುದುರೆಯ ಓಟದಿಂದ ಅಳೆಯುವವರು ಯಾರು? ಈ ಕಾರಿನ ಹಿರಿಮೆ ಎಳೆಯುವ ಬಲದಲ್ಲಿದೆ. ಏಳು ಲೀಟರಿನ ಎಂಟು ಸಿಲಿಂಡರುಗಳ ಎಂಜಿನ್, ಹತ್ತಿರ ಹತ್ತಿರ 2,300 ಕಿಲೋ ತೂಕದ ದೇಹ. 630 ನ್ಯೂಟನ್ ಮೀಟರಿನಷ್ಟು ತಿರುಚುಬಲ (ಟಾರ್ಕ್) 2,600 ಸುತ್ತಿಗೇ ಸಿಕ್ಕಿಬಿಡುತ್ತದೆ. ಅಂದರೆ ಎಂಜಿನ್ ಎಂದೂ ಏದುಸಿರು ಬಿಡಬೇಕಾಗಿಲ್ಲ. ಹೆದ್ದಾರಿಯಲ್ಲಿ 60 ಮೈಲಿ ವೇಗದಲ್ಲಿ ಅದು ಎರಡು ಸಾವಿರ ಸುತ್ತಿನ ಆಸುಪಾಸಿನಲ್ಲಿ ತನ್ನ ಪಾಡಿಗೆ ಗುನುಗುತ್ತಿರುತ್ತದೆ. ಏರು ಬಂದಾಗ ಪೆಡಲನ್ನು ಒಂದು ಬೆರಳಿನಷ್ಟು ಒತ್ತಿದರೆ ಸಾಕು. ಗೇರು ಇಳಿಯುವುದಿಲ್ಲ, ಸದ್ದು ಏರುವುದಿಲ್ಲ, ದಿಬ್ಬವೇ ತಗ್ಗಿತೇನೋ ಎನಿಸುತ್ತದೆ. ದಸರೆಯ ಮೆರವಣಿಗೆಯಲ್ಲಿ ಅಂಬಾರಿ ಹೊತ್ತ ಆನೆ ಹೆಜ್ಜೆ ಎತ್ತಿಡುವುದನ್ನು ನೋಡಿದ್ದೀರಲ್ಲ, ಭಾರ ಇದೆ, ಆಯಾಸ ಇಲ್ಲ. ನಿಮ್ಮ ಮನಸ್ಸಿನಲ್ಲಿ ಆ ಸಂಜೆ ಉಳಿದಿರುವುದು ಇದಕ್ಕಾಗಿ. ಅದು ಮೋಹವಲ್ಲ. ಎಂಜಿನ್ನಿನ ಗಾತ್ರ, ಸುತ್ತು, ತೂಕ ಮೂರನ್ನೂ ಹೊಂದಿಸಿ ತಂದ ಗುಣ.

ಮಳೆ ಬಂದರೆ ಇನ್ನೊಂದು ಚೆಂದ ನೋಡುತ್ತೀರಿ. ಈ ಕಾರಿನ ವೈಪರ್‌ಗಳಿಗೆ ವಿದ್ಯುತ್ ಮೋಟಾರು ಇಲ್ಲ. ಪವರ್ ಸ್ಟೀರಿಂಗ್‌ಗೆ ಎಣ್ಣೆ ಒತ್ತುವ ಪಂಪಿನಿಂದಲೇ ಅವು ನಡೆಯುತ್ತವೆ. ಗುಂಡಿಯನ್ನು ಸ್ವಲ್ಪವೇ ತಿರುಗಿಸಿದರೆ ಕಡ್ಡಿಗಳು ಗಾಜಿನ ಮೇಲೆ ಸದ್ದಿಲ್ಲದೆ ಹರಿದಾಡುತ್ತವೆ, ಎಷ್ಟು ನಿಧಾನ ಬೇಕೋ ಅಷ್ಟು ನಿಧಾನ. ನಾನು ಮೊದಲ ಸಲ ನೋಡಿದಾಗ ಮಳೆ ನಿಂತ ಮೇಲೂ ಅದನ್ನು ಆರಿಸಿರಲಿಲ್ಲ. ಅದರ ಕೊಳವೆಗಳು ಈಗ ಹಳೆಯವು, ಸೋರುತ್ತವೆ. ಆಗಾಗ ಕೆಳಗೆ ಬಗ್ಗಿ ನೋಡುವ ಅಭ್ಯಾಸ ಇಟ್ಟುಕೊಳ್ಳಿ.

ಹಿಂದಿನ ಬಾಗಿಲುಗಳ ಬಗ್ಗೆ ಭಯ ಹಳೆಯದು, ಹೆಸರೂ ಭಯಂಕರ: ‘ಆತ್ಮಹತ್ಯೆಯ ಬಾಗಿಲು’ ಎಂದೇ ಅಮೆರಿಕನ್ನರು ಕರೆಯುತ್ತಾರೆ. ಬಾಗಿಲಿನ ಕೀಲು ಹಿಂದಕ್ಕಿರುವುದರಿಂದ, ಓಡುವಾಗ ಅಗುಳಿ ಬಿಟ್ಟುಕೊಂಡರೆ ಗಾಳಿ ಬಾಗಿಲನ್ನು ಮುಚ್ಚುವ ಬದಲು ಎಳೆದು ತೆರೆಯುತ್ತದೆ. ಹಗುರ ಮರದ ಚೌಕಟ್ಟಿನ, ಸಡಿಲ ಅಗುಳಿಯ 1930ರ ದಶಕದ ಕಾರುಗಳಲ್ಲಿ ಈ ಅಪಾಯ ನಿಜವಾಗಿತ್ತು. ಕಾಂಟಿನೆಂಟಲ್‌ನಲ್ಲಿ ಇಂಥ ಬಾಗಿಲು ಬಂದದ್ದು ಶೋಕಿಗಲ್ಲ. ಕಾರು ಗಿಡ್ಡವಾದಾಗ, ಹಿಂದಿನ ಸೀಟಿನಿಂದ ಇಳಿಯುವವರ ಕಾಲು ಸಾಮಾನ್ಯ ಬಾಗಿಲಿಗೆ ತಾಗುತ್ತಿತ್ತು. ಬಾಗಿಲನ್ನು ತಿರುಗಿಸಿ ಕೂರಿಸಿದರೆ ಆ ತೊಂದರೆ ತಪ್ಪಿತು. 1964ರಲ್ಲಿ ಚಕ್ರಗಳ ನಡುವಿನ ಅಂತರವನ್ನು ಮೂರು ಇಂಚು ಹೆಚ್ಚಿಸಿ 126 ಇಂಚು ಮಾಡಿದರು. ಆ ಮೂರು ಇಂಚು ನಿಮ್ಮ ಅತ್ತೆಯವರ ಮೊಣಕಾಲಿಗೆ ಸಿಕ್ಕ ಜಾಗ. ಸೀರೆ ಉಟ್ಟವರು ಬಗ್ಗದೆ, ತೊಡರದೆ ಹತ್ತಿ ಇಳಿಯುವಂಥ ಕಾರು ಇದರ ಹಾಗೆ ಇನ್ನೊಂದನ್ನು ನಾನು ಕಂಡಿಲ್ಲ. ಅಗುಳಿಗಳು ಗಟ್ಟಿಯಾಗಿವೆಯೇ ಎಂದು ಒಬ್ಬ ನುರಿತ ಮೆಕ್ಯಾನಿಕ್‌ನಿಂದ ನೋಡಿಸಿ. ಬೀಗಗಳು ನಿರ್ವಾತದ ಬಲದಿಂದ ಕೆಲಸ ಮಾಡುವಂಥವು, ರಬ್ಬರ್ ನಳಿಕೆಗಳು ಒಣಗಿದ್ದರೆ ಬೀಗ ಬೀಳುವುದಿಲ್ಲ. ಮಕ್ಕಳು ಕೂರುವುದಾದರೆ ಇದನ್ನು ಮೊದಲು ಸರಿಮಾಡಿಸಿ.

ಸೀಸದ ಪೆಟ್ರೋಲಿನ ಮಾತು ಅರ್ಧ ನಿಜ. ಸೀಸವು ವಾಲ್ವ್ ಸೀಟುಗಳು, ಅಂದರೆ ಎಂಜಿನ್ನಿನ ಕವಾಟಗಳು ಕೂರುವ ಜಾಗಗಳು, ಸವೆಯದಂತೆ ಕಾಪಾಡುತ್ತಿತ್ತು, ಅಷ್ಟು ಸರಿ. ಆದರೆ ಸವೆತ ಹೆಚ್ಚುವುದು ಭಾರ ಎಳೆದುಕೊಂಡು ಗಂಟೆಗಟ್ಟಲೆ ಜೋರಾಗಿ ಓಡಿಸಿದಾಗ. ವಾರಾಂತ್ಯದಲ್ಲಿ ಸಾವಕಾಶವಾಗಿ ಓಡಿಸುವ ಕಾರುಗಳಲ್ಲಿ ನಾನು ಅದನ್ನು ತೀರಾ ವಿರಳವಾಗಿ ಕಂಡಿದ್ದೇನೆ. ಎಂದಾದರೂ ಎಂಜಿನ್ನಿನ ಮೇಲಿನ ಭಾಗವಾದ ಹೆಡ್ ಬಿಚ್ಚುವ ಸಂದರ್ಭ ಬಂದರೆ ಗಟ್ಟಿ ಸೀಟುಗಳನ್ನು ಹಾಕಿಸಿಕೊಳ್ಳಿ, ಅದಕ್ಕೆಂದೇ ಬಿಚ್ಚಿಸಬೇಡಿ. ನಿಜವಾಗಿ ಗಮನ ಬೇಕಾದದ್ದು ಬೇರೆ. ಸಿಲಿಂಡರಿನೊಳಗೆ ಇಂಧನ ಮತ್ತು ಗಾಳಿಯನ್ನು ಅದುಮುವ ಅನುಪಾತ ಈ ಎಂಜಿನ್ನಿನಲ್ಲಿ ಹತ್ತಕ್ಕೆ ಒಂದಕ್ಕಿಂತ ತುಸು ಹೆಚ್ಚು, ಹಾಗಾಗಿ ಪ್ರೀಮಿಯಂ ಪೆಟ್ರೋಲನ್ನೇ ಹಾಕಬೇಕು. ಪೆಟ್ರೋಲಿಗೆ ಬೆರೆಸುವ ಎಥನಾಲ್ ಹಳೆಯ ರಬ್ಬರನ್ನು ತಿನ್ನುತ್ತದೆ, ಆದ್ದರಿಂದ ಇಂಧನದ ಕೊಳವೆಗಳನ್ನೂ ಪಂಪನ್ನೂ ಹೊಸ ರಬ್ಬರಿನವಕ್ಕೆ ಬದಲಿಸಬೇಕು. ಎಂಜಿನ್ ಎಣ್ಣೆಯಲ್ಲೂ ಸತುವಿನ ಅಂಶ ಹೆಚ್ಚಿರುವ, ಹಳೆಯ ಕಾರುಗಳಿಗೆಂದೇ ಮಾರುವ ಎಣ್ಣೆ ಬೇಕು. ಇಲ್ಲವಾದರೆ ಕವಾಟಗಳನ್ನು ತೆರೆಯುವ ಕ್ಯಾಮ್ ಶಾಫ್ಟ್ ಸವೆಯುತ್ತದೆ. ಖರ್ಚಿನ ಲೆಕ್ಕಕ್ಕೆ, ಲೀಟರಿಗೆ ನಾಲ್ಕು ಕಿಲೋಮೀಟರು ಎಂದಿಟ್ಟುಕೊಳ್ಳಿ.

ಎಲ್ಲರೂ ಬಾಗಿಲಿಗೆ ಹೆದರುತ್ತಾರೆ. ನಾನು ಹೆದರುವುದು ಬ್ರೇಕಿಗೆ. 1964ರ ಕಾಂಟಿನೆಂಟಲ್‌ಗೆ ನಾಲ್ಕೂ ಚಕ್ರಗಳಲ್ಲಿ ಡ್ರಮ್ ಬ್ರೇಕುಗಳು. ಮುಂದಿನ ಚಕ್ರಗಳಿಗೆ ಡಿಸ್ಕ್ ಬಂದದ್ದು ಮರುವರ್ಷ. ಅದಕ್ಕಿಂತ ದೊಡ್ಡ ಮಾತೆಂದರೆ, ಪೆಡಲು ಒತ್ತಿದಾಗ ಬ್ರೇಕಿನ ಎಣ್ಣೆ ತಳ್ಳುವ ಮಾಸ್ಟರ್ ಸಿಲಿಂಡರಿನ ಒಂದೇ ಕೋಣೆಯಿಂದ ನಾಲ್ಕೂ ಚಕ್ರಗಳಿಗೆ ಎಣ್ಣೆ ಹೋಗುತ್ತದೆ. ಎಲ್ಲಾದರೂ ಒಂದು ಕಡೆ ಸೋರಿದರೆ ನಾಲ್ಕೂ ಕಡೆ ಬ್ರೇಕು ಹೋಯಿತು. ಇದು ನನಗೇ ಆಗಿದೆ. ಗಿರಾಕಿಯೊಬ್ಬರ ಕಾರನ್ನು ಪರೀಕ್ಷೆಗೆಂದು ಹೊರಗೆ ತೆಗೆದಿದ್ದೆ. ಹಿಂದಿನ ಚಕ್ರದ ಹಳೆಯ ಕೊಳವೆಯೊಂದು ಒಡೆಯಿತು. ಪೆಡಲು ಹೂವಿನ ಮೇಲೆ ಕಾಲಿಟ್ಟಷ್ಟು ಮೆತ್ತಗೆ ನೆಲಕ್ಕೆ ಕುಸಿಯಿತು. ಗೇರನ್ನು ಕೆಳಗಿಳಿಸಿ, ಎಂಜಿನ್ನಿನ ಹಿಡಿತದಲ್ಲಿ ವೇಗ ತಗ್ಗಿಸಿ, ರಸ್ತೆಯ ಪಕ್ಕದ ಹುಲ್ಲಿನ ದಿಬ್ಬಕ್ಕೆ ಹತ್ತಿಸಿ ನಿಲ್ಲಿಸಿದೆ. ಯಾರಿಗೂ ಏನೂ ಆಗಲಿಲ್ಲ. ಆದರೆ ಅಂದಿನಿಂದ ಎರಡು ಕೋಣೆಯ ಮಾಸ್ಟರ್ ಸಿಲಿಂಡರ್ ಹಾಕದೆ ಇಂಥ ಕಾರನ್ನು ನಾನು ಯಾರ ಕೈಗೂ ಕೊಟ್ಟಿಲ್ಲ. ಮೂಲ ಸ್ವರೂಪ ಕೆಡುತ್ತದೆ ಎನ್ನುವ ಸಂಗ್ರಾಹಕರಿದ್ದಾರೆ. ಹಳೆಯ ಭಾಗವನ್ನು ಡಬ್ಬದಲ್ಲಿಟ್ಟುಕೊಳ್ಳಿ, ರಸ್ತೆಗೆ ಹೊಸದನ್ನು ಹಾಕಿಕೊಂಡು ಹೋಗಿ.

ಈಗ ಕಾರಿನ ಹೊಟ್ಟೆಯಡಿಗೆ ಬರೋಣ. ಈ ಕಾರಿಗೆ ಪ್ರತ್ಯೇಕ ಚೌಕಟ್ಟು ಇಲ್ಲ. ತಗಡಿನ ದೇಹವೇ ಬೆನ್ನೆಲುಬು. ಮಿಶಿಗನ್‌ನಲ್ಲಿ ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪು ಈ ಬೆನ್ನೆಲುಬನ್ನು ಒಳಗಿನಿಂದ ತಿನ್ನುತ್ತದೆ. ಬಣ್ಣ ಎಷ್ಟು ಹೊಳೆದರೂ ನಂಬಬೇಡಿ. ಹಿಂದಿನ ಡಿಕ್ಕಿಯ ಹಾಸನ್ನು ಎತ್ತಿ ನೋಡಿ, ಮುಂದಿನ ಸೀಟಿನ ಕೆಳಗಿನ ಕಂಬಳಿ ಎತ್ತಿ ನೋಡಿ, ಬಾಗಿಲ ಕೆಳಗಿನ ಹೊಸ್ತಿಲನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಗಟ್ಟಿ ತಗಡು ಟಣ್ ಎನ್ನುತ್ತದೆ, ತುಕ್ಕು ತಿಂದದ್ದು ಒಣ ಕುಂಬಳಕಾಯಿಯ ಹಾಗೆ ಮಂಕಾಗಿ ಸದ್ದು ಮಾಡುತ್ತದೆ. ಆಮೇಲೆ ನಾನು ತಪ್ಪದೆ ಮಾಡುವ ಪರೀಕ್ಷೆ ಒಂದಿದೆ. ಮುಂದಿನ ಮೂಲೆಗೆ ಜಾಕ್ ಕೊಟ್ಟು ಚಕ್ರ ನೆಲ ಬಿಡುವಷ್ಟು ಎತ್ತಿಸಿ. ಕೆಳಗೆ ಯಾರೂ ತೂರಬೇಡಿ. ಈಗ ಆ ಬದಿಯ ಮುಂದಿನ ಬಾಗಿಲನ್ನೂ ಹಿಂದಿನ ಬಾಗಿಲನ್ನೂ ತೆರೆದು ಮುಚ್ಚಿ. ಎರಡೂ ಬಾಗಿಲು ನಡುವೆ ಬಂದು ಸೇರುವ ಸಂದಿಯ ಮೇಲೆ ಕಣ್ಣಿಡಿ. ಮೊದಲಿನಂತೆಯೇ ಸೇರಿದರೆ ಬೆನ್ನೆಲುಬು ಗಟ್ಟಿಯಿದೆ. ಸಂದಿ ಒಂದು ಕಡೆ ಬಿಟ್ಟು, ಇನ್ನೊಂದು ಕಡೆ ಉಜ್ಜಿದರೆ ಕಾರು ನಡುವಿನಲ್ಲಿ ಬಾಗುತ್ತಿದೆ ಎಂದರ್ಥ. ಅಂಥ ಕಾರನ್ನು ಪುಕ್ಕಟೆ ಕೊಟ್ಟರೂ ಕೈಮುಗಿದು ಬನ್ನಿ.

ಬೆನ್ನೆಲುಬು ಗಟ್ಟಿಯಿದ್ದರೆ, ಆರು ವರ್ಷ ನಿಂತ ಕಾರನ್ನು ಎಬ್ಬಿಸುವುದು ತಾಳ್ಮೆಯ ಕೆಲಸವೇ ಹೊರತು ಕಷ್ಟದ ಕೆಲಸವಲ್ಲ. ಪಕ್ಕದವರು ಖುಷಿಯಿಂದ ‘ಈಗಲೇ ಚಾಲೂ ಮಾಡಿ ತೋರಿಸುತ್ತೇನೆ’ ಎಂದರೆ ದಯವಿಟ್ಟು ತಡೆಯಿರಿ. ಹಳಸಿದ ಪೆಟ್ರೋಲನ್ನು ಬಸಿದು, ಟ್ಯಾಂಕು ತೊಳೆದು, ಎಂಜಿನ್ ಎಣ್ಣೆ ಬದಲಿಸಿ, ಸಿಲಿಂಡರುಗಳಿಗೆ ನಾಲ್ಕು ಹನಿ ಎಣ್ಣೆ ಬಿಟ್ಟು, ಕೈಯಿಂದಲೇ ಒಂದೆರಡು ಸುತ್ತು ತಿರುಗಿಸಿದ ಮೇಲೆ ಕೀಲಿ ತಿರುಗಿಸಬೇಕು. ಬ್ರೇಕಿನ ರಬ್ಬರ್ ಕೊಳವೆಗಳು, ಚಕ್ರಗಳೊಳಗಿನ ಸಿಲಿಂಡರುಗಳು, ಟೈರುಗಳು ಎಲ್ಲವೂ ಹೊಸದಾಗಬೇಕು. ಟೈರಿನ ಗೆರೆಗಳು ಚೆನ್ನಾಗಿ ಕಂಡರೂ ಸರಿಯೇ, ವಯಸ್ಸಾದ ರಬ್ಬರು ಹೆದ್ದಾರಿಯಲ್ಲಿ ಸಿಡಿಯುತ್ತದೆ.

ಹೊಸ ಎಂಜಿನ್ ಕೂರಿಸುವ ಯೋಚನೆಯನ್ನು ನಾನು ಒಪ್ಪುವುದಿಲ್ಲ. ಹಾಗೆ ಮಾಡಿದ ಕಾರುಗಳನ್ನು ಓಡಿಸಿದ್ದೇನೆ. ಚುರುಕಾಗಿರುತ್ತವೆ, ಪೆಟ್ರೋಲೂ ಕಡಿಮೆ ಕುಡಿಯುತ್ತವೆ. ಆದರೆ ಮೇಲೆ ಹೇಳಿದ ಆನೆಯ ನಡಿಗೆ ಆ ಎಂಜಿನ್ನಿನದು. ಅದನ್ನು ತೆಗೆದ ಮೇಲೆ ಉಳಿಯುವುದು ಅಂದವಾದ ಚಿಪ್ಪು. ಈ ಎಂಜಿನ್ನಿನಲ್ಲಿ ಇಂಧನ ಉರಿಯುವ ಕೋಣೆ ಹೆಡ್ಡಿನಲ್ಲಿಲ್ಲ, ಸಿಲಿಂಡರುಗಳಿರುವ ಬ್ಲಾಕಿನ ಬಾಯಿಯಲ್ಲೇ ಇದೆ. ಹೆಡ್ಡಿನ ತಳ ಹಲಗೆಯಷ್ಟು ಚಪ್ಪಟೆ. ಇಂಥ ವಿಚಿತ್ರ, ಗಟ್ಟಿ ಕೆಲಸವನ್ನು ಗುಜರಿಗೆ ಕಳುಹಿಸುವುದು ನನ್ನಿಂದಾಗದು. ತಳದಿಂದ ತುದಿಯವರೆಗೆ ಪೂರ್ತಿ ಜೀರ್ಣೋದ್ಧಾರ ಮಾಡಿಸುವುದೂ ನಿಮಗೆ ಬೇಡ. ಕ್ರೋಮ್ ಲೇಪನ, ಬಣ್ಣ, ಚರ್ಮದ ಕೆಲಸ ಮೂರಕ್ಕೇ ಕಾರಿನ ಬೆಲೆಯನ್ನು ಮೀರಿ ಹೋಗುತ್ತದೆ. 1964ರಲ್ಲಿ ಮೂವತ್ತಾರು ಸಾವಿರದಷ್ಟು ಕಾಂಟಿನೆಂಟಲ್‌ಗಳು ತಯಾರಾದವು, ಅವುಗಳಲ್ಲಿ ಬಹುಪಾಲು ಸೆಡಾನ್‌ಗಳೇ. ಬೆಲೆ ಗಗನಕ್ಕೇರುವುದು ಛಾವಣಿ ಮಡಚುವ ಮಾದರಿಗಳಿಗೆ. ಲಾಭದ ಆಸೆಯಿಂದ ಸೆಡಾನ್ ಕೊಳ್ಳುವುದಾದರೆ ಕೊಳ್ಳಲೇಬೇಡಿ.

ನನ್ನ ಸಲಹೆ: ಜಾಕ್ ಪರೀಕ್ಷೆಯಲ್ಲಿ ಗೆದ್ದರೆ ಕೊಳ್ಳಿ, ಬ್ರೇಕು, ಟೈರು, ಇಂಧನದ ಕೊಳವೆಗಳಿಗೆ ಮೊದಲ ವರ್ಷದ ಹಣವನ್ನೆಲ್ಲ ಹಾಕಿ, ಬಣ್ಣ ಮಾಸಿದ್ದರೆ ಮಾಸಿದಂತೆಯೇ ಇರಲಿ. ಉಪ್ಪು ಬಿದ್ದ ರಸ್ತೆಗೆ ಇಳಿಸಬೇಡಿ. ಮಿಶಿಗನ್‌ನಲ್ಲಿ 25 ವರ್ಷ ದಾಟಿದ ಕಾರಿಗೆ ಚಾರಿತ್ರಿಕ ವಾಹನದ ಫಲಕ ಸಿಗುತ್ತದೆ. ಪ್ರದರ್ಶನ, ಮೆರವಣಿಗೆಗಳಿಗೆ ಯಾವಾಗಲೂ, ಆಗಸ್ಟ್ ತಿಂಗಳಿನಲ್ಲಿ ಸಾಮಾನ್ಯ ಓಡಾಟಕ್ಕೂ ಅದರಲ್ಲಿ ಅವಕಾಶವಿದೆ. ವಿಮೆಯನ್ನು ಮೊದಲೇ ಒಪ್ಪಿದ ಬೆಲೆಗೆ ಮಾಡಿಸುವ, ಹಳೆಯ ಕಾರುಗಳ ಪಾಲಿಸಿಯನ್ನೇ ತೆಗೆದುಕೊಳ್ಳಿ. ಮಕ್ಕಳ ವಿಷಯದಲ್ಲಿ ಮಾತ್ರ ನಾನು ಕಟುವಾಗಿ ಹೇಳುತ್ತೇನೆ. ಆ ಕಾಲದ ಕಾರಿನಲ್ಲಿ ಸೊಂಟದ ಪಟ್ಟಿ ಇದ್ದರೆ ಹೆಚ್ಚು. ಅಪಘಾತದಲ್ಲಿ ಕುಗ್ಗುವ ಸ್ಟೀರಿಂಗ್ ಕಂಬವಾಗಲಿ, ಗಾಳಿಚೀಲವಾಗಲಿ ಇಲ್ಲ. ಹಿಂದಿನ ಸೀಟಿಗೆ ಗಟ್ಟಿಯಾದ ಪಟ್ಟಿಗಳನ್ನು ಕೂರಿಸಿ, ಮಕ್ಕಳ ಸೀಟು ಸರಿಯಾಗಿ ನಿಂತ ಮೇಲೆ ಊರೊಳಗಿನ ನಿಧಾನದ ಸುತ್ತಾಟಕ್ಕೆ ಕರೆದೊಯ್ಯಿರಿ. ಹೆದ್ದಾರಿಗೆ ಮಕ್ಕಳನ್ನು ಕೂರಿಸಿಕೊಂಡು ಹೋಗಬೇಡಿ.

ಕೊನೆಯದಾಗಿ ಒಂದು ಕೆಲಸ, ಹಣ ಕೊಡುವ ಮೊದಲೇ ಆಗಬೇಕಾದದ್ದು. ಪ್ರತಿ ಕಾರ್ಬ್ಯುರೇಟರಿನ ಕಾರಿಗೂ ಒಂದು ಹಠ ಇರುತ್ತದೆ. ತಣ್ಣಗಿರುವಾಗ ಪೆಡಲನ್ನು ಎಷ್ಟು ಸಲ ಒತ್ತಬೇಕು, ಬಿಸಿಯಾಗಿರುವಾಗ ಎಷ್ಟು ಹೊತ್ತು ಕಾಯಬೇಕು, ಯಾವ ಕಿಟಕಿಯ ಗುಂಡಿಯನ್ನು ಎರಡು ಬಾರಿ ಒತ್ತಬೇಕು ಎಂಬುದು ಯಾವ ಕೈಪಿಡಿಯಲ್ಲೂ ಇಲ್ಲ, ಪಕ್ಕದವರ ಕೈಬೆರಳಿನಲ್ಲಿದೆ. ಒಂದು ನೋಟ್‌ಬುಕ್ ಹಿಡಿದು ಅವರ ಜೊತೆ ಗ್ಯಾರೇಜಿನಲ್ಲಿ ಒಂದು ಮಧ್ಯಾಹ್ನ ಕುಳಿತುಕೊಳ್ಳಿ, ನಿಮ್ಮ ಪತಿಯವರನ್ನೂ ಕರೆದುಕೊಂಡು ಹೋಗಿ. ಕಾರು ಮತ್ತೆ ರಸ್ತೆಗೆ ಇಳಿಯುವ ದಿನ ಸ್ಟೀರಿಂಗ್ ನಿಮ್ಮ ಪತಿಯವರ ಕೈಯಲ್ಲಿರಲಿ, ಅವರ ಪಕ್ಕದ ಸೀಟು ಆ ಹಿರಿಯರಿಗಿರಲಿ. ನೀವು ಅತ್ತೆಯವರೊಂದಿಗೆ ಹಿಂದೆ ಕೂತುಕೊಳ್ಳಿ.